ಡೇಟು ಮುಗಿದ ಬ್ಯಾಂಡೇಜು

ನಮ್ಮ ಮರಗೆಲಸದ ಕಾರ್ಖಾನೆಯ ಮೇಸ್ತ್ರಿಗೆ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಅವಧಿ ಮುಗಿದ ಸಾಮಾನು ಸಿಕ್ಕಿತೆಂದರೆ, ಆ ದಿನ ನಮ್ಮಲ್ಲಿ ಯಾರೂ ಆರೋಗ್ಯವಾಗಿ ಉಳಿಯುವುದಿಲ್ಲ. ಹಳೆಯ ಮಾತ್ರೆ, ಮುಲಾಮುಗಳನ್ನು ಔಷಧದಂಗಡಿಗೆ ಒಪ್ಪಿಸಿ, ಹೊಸ ಡಬ್ಬಿಯನ್ನು ಗೋಡೆಗೆ ತೂಗುಹಾಕಿ, ಹಳೆಯ ಬ್ಯಾಂಡೇಜನ್ನು ಅಭ್ಯಾಸಕ್ಕೆಂದು ಹಿಡಿದು ಹೊರಡುತ್ತಾರೆ. "ಬಾರೋ, ನಿನ್ನ ಮೊಣಕೈ ಮುರಿದಿದೆ ಅಂದ್ಕೋ" ಎಂದು ಚಹಾ ಕುಡಿಯುತ್ತಿದ್ದವನನ್ನು ಕೂರಿಸಿ, "ನೀ ಕಟ್ಟಮ್ಮ" ಎಂದು ಪಾಲಿಶ್ ಹಾಕುವ ಅಕ್ಕನಿಗೆ ಸುರುಳಿ ಕೊಡುತ್ತಾರೆ. ಸಡಿಲವಾದರೆ "ಇದೇನು ಜಡೆಗೆ ರಿಬ್ಬನ್ನಾ?" ಎಂದು ಬಿಚ್ಚಿಸುತ್ತಾರೆ. ಮಂಚ ಕೊಳ್ಳಲು ಬಂದ ಗಿರಾಕಿಯೊಬ್ಬ ತಲೆಗೆ ಪಟ್ಟಿ ಸುತ್ತಿಸಿಕೊಂಡು ಮನೆಗೆ ಹೋದಾಗ, ಅವನ ಹೆಂಡತಿ ಅತ್ತದ್ದು ಮೂರು ಬೀದಿಗೆ ಕೇಳಿಸಿತಂತೆ. ಮುರಿದ ಮೇಜಿನ ಕಾಲಿಗೂ ಒಮ್ಮೆ ಕಟ್ಟು ಬಿದ್ದಿತ್ತು. ಈಗ ಅದು ಕುಂಟುವುದಿಲ್ಲ. "ಸಾಕು ಬಿಡಿ ಮೇಸ್ತ್ರಿ, ಗಾಯ ಆದ್ರೆ ನೀವಿದ್ದೀರಲ್ಲ" ಎಂದರೆ, "ನನ್ನ ನಂಬ್ಕೊಂಡ್ರೆ ಕೆಟ್ರಿ" ಎನ್ನುತ್ತಾರೆ. ಅದನ್ನು ನಾವು ವಿನಯವೆಂದೇ ತಿಳಿದಿದ್ದೆವು. ಮೊನ್ನೆ ಗರಗಸದವನ ಅಂಗೈ ನಿಜವಾಗಿಯೂ ಸೀಳಿತು. ಅಕ್ಕ ಹೊಸ ಡಬ್ಬಿ ತೆರೆದು, ಗಾಯ ಒತ್ತಿ ಹಿಡಿದು, ಒಂದಿಷ್ಟೂ ತಡವರಿಸದೆ ಕಟ್ಟು ಹಾಕಿದಳು. ಅಷ್ಟು ಹೊತ್ತೂ ಮೇಸ್ತ್ರಿ ಗೋಡೆಗೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತು ಕೇಳುತ್ತಿದ್ದರು: "ರಕ್ತ ನಿಂತಿತಾ ತಾಯಿ? ಪೂರ್ತಿ ನಿಂತ್ಮೇಲೆ ಹೇಳು, ತಿರುಗ್ತೀನಿ."