ಜೇಬಿನೊಳಗಿನ ಕೈ

ಚೆಂಬೂರಿನ ನನ್ನ ಮಾವನ ಮನೆಯಲ್ಲಿ ಒಂದು ಸ್ಟೀಲು ಲೋಟವಿದೆ. ನೆಂಟರು ಬಂದ ಭಾನುವಾರಗಳಲ್ಲಿ ಅದರೊಳಗಿನ ಕಾಫಿ ಕೆನೆಗಟ್ಟಿ, ತಣ್ಣಗಾಗಿ, ಕೊನೆಗೆ ಸಿಂಕಿನ ಪಾಲಾಗುತ್ತದೆ. ಮೂವತ್ತು ವರ್ಷ ಹೋಟೆಲು ನಡೆಸಿ ಅರ್ಧ ಚೆಂಬೂರಿಗೆ ಕಾಫಿ ಕುಡಿಸಿದ ಮನುಷ್ಯ ತನ್ನ ಲೋಟವನ್ನು ಮುಟ್ಟುವುದಿಲ್ಲ. ಮುಟ್ಟಬೇಕಾದ ಬಲಗೈ ಪ್ಯಾಂಟಿನ ಜೇಬಿನಲ್ಲಿರುತ್ತದೆ. ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರಿಟ್ಟ ಮೇಲೆ, ಒಂದು ವರ್ಷದಿಂದ, ಆ ಕೈ ನಾಲ್ಕು ಜನರ ಮುಂದೆ ಹೊರಬಂದಿಲ್ಲ.

ನನ್ನ ಕಸುಬನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಪವಾಯಿ ಕಡೆಯ ಒಂದು ಪ್ರಯೋಗಾಲಯದಲ್ಲಿ ನಾನು ಇಲಿಗಳ ಕೈ ಎಣಿಸುತ್ತೇನೆ. ಇಲಿಯ ಮಿದುಳಿನ ಒಂದು ಪಕ್ಕಕ್ಕೆ ನರಕೋಶಗಳನ್ನು ಕೊಲ್ಲುವ ವಿಷವನ್ನು ಚೂರೇ ಚೂರು ಸೇರಿಸುತ್ತಾರೆ. ಕೆಲವು ವಾರಗಳಲ್ಲಿ ಅದರ ಎದುರು ಪಕ್ಕದ ಕೈ ಸೋಲುತ್ತದೆ. ಆಮೇಲೆ ಗಾಜಿನ ಕೊಳವೆಯೊಳಗೆ ಬಿಟ್ಟರೆ ಇಲಿ ಎದ್ದು ನಿಂತು ಗೋಡೆ ಮುಟ್ಟುತ್ತದೆ, ಯಾವ ಕೈಯಿಂದ ಮುಟ್ಟಿತೆಂದು ನಾನು ವಿಡಿಯೊ ನೋಡಿ ಬರೆದುಕೊಳ್ಳುತ್ತೇನೆ: ಎಡ, ಎಡ, ಎಡ, ಅಪರೂಪಕ್ಕೊಮ್ಮೆ ಬಲ. ಹೊಸ ಮದ್ದನ್ನು ಮನುಷ್ಯನಿಗೆ ಕೊಡುವ ಮುನ್ನ ಇಲ್ಲಿ ಪರೀಕ್ಷಿಸಬೇಕು. ವಿಜ್ಞಾನ ಇದನ್ನು ಕಾಯಿಲೆಯ ಮಾದರಿ ಎನ್ನುತ್ತದೆ. ನನ್ನ ಕಣ್ಣಿಗೆ ಅದು ಅಚ್ಚ ಮಿಮಿಕ್ರಿ. ಮನುಷ್ಯನೊಳಗೆ ವರ್ಷಗಟ್ಟಲೆ ನುಸುಳುವ ಕಾಯಿಲೆಯನ್ನು ಇಲಿ ತಿಂಗಳೊಳಗೆ ಆಡಿ ತೋರಿಸುತ್ತದೆ. ಚಿಕ್ಕಂದಿನಿಂದ ಕಂಡಕಂಡವರನ್ನು ಅಣಕಿಸುತ್ತ ಬಂದ ನನಗೆ ಈ ಸಹಕಲಾವಿದನ ಮೇಲೆ ಹೊಟ್ಟೆಕಿಚ್ಚು, ಜೊತೆಗೆ ಒಂದಿಷ್ಟು ಸಂಕೋಚ. ನಾನಾದರೋ ಬೇಡವೆಂದರೂ ಎದ್ದು ಕುಣಿಯುವವನು. ಇಲಿಯ ಆಟಕ್ಕೆ ಪ್ರಾಣಿಪ್ರಯೋಗಗಳ ನೀತಿ ಸಮಿತಿಯ ಒಪ್ಪಿಗೆ ಇದೆ, ಇಲಿಯದನ್ನು ಮಾತ್ರ ಯಾರೂ ಕೇಳಿಲ್ಲ.

ಕಳೆದ ಭಾನುವಾರ ಮಾವನ ಮನೆಯಲ್ಲಿ ನನ್ನ ಎಂದಿನ ಅಣಕದಾಟ ನಡೆದಿತ್ತು. ಲೋಕಲ್ ರೈಲಿನಲ್ಲಿ ಸೀಟಿಗಾಗಿ ಕಣ್ಣಲ್ಲೇ ಅರ್ಜಿ ಹಾಕುವವರು, ಬಿಲ್ಡಿಂಗಿನ ಸೆಕ್ರೆಟರಿಯ ಕೆಮ್ಮು, ಫೋನೇ ಬೇಡವೆಂಬಂತೆ ಉಡುಪಿಗೆ ಕೇಳುವಷ್ಟು ಕಿರುಚುವ ಅತ್ತೆ, ಅರ್ಧ ಹಿಂದಿಯ ಆಸರೆಯಿಲ್ಲದೆ ಕನ್ನಡದ ಒಂದು ವಾಕ್ಯ ದಾಟಲಾರದ ನಾನು, ಎಲ್ಲರೂ ಬಂದುಹೋದರು. ಮಾವನನ್ನು ಮಾತ್ರ ನಾಜೂಕಾಗಿ ಬಿಟ್ಟೆ. ಒಂದು ವರ್ಷದಿಂದ ಹಾಗೇ ಬಿಡುತ್ತಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

“ಎಲ್ಲರದ್ದೂ ಮಾಡ್ತಿ, ನನ್ನದು ಯಾಕೆ ಮಾಡುದಿಲ್ಲ?” ಎಂದರು ಮಾವ. “ನಾನೆಂಥ ಸತ್ತು ಹೋಗಿದ್ದೇನಾ ಮಾರಾಯ?”

ತಬ್ಬಿಬ್ಬಾಗಿ, ಒಂದು ಮೊಳ ಎತ್ತರದಿಂದ ಕಾಫಿ ಹೊಯ್ಯುತ್ತಿದ್ದ ಅವರ ಹಳೆಯ ಗತ್ತನ್ನು ಮಾಡಿ ತೋರಿಸಿದೆ.

“ಅದು ಹಳೇ ಸ್ಟಾಕ್. ಇವತ್ತಿನದ್ದು ಮಾಡು.”

ಅತ್ತೆ ಕಣ್ಣಲ್ಲೇ ಬೇಡ ಎಂದರು. ನಾನು ನನ್ನ ಖಾಲಿ ಲೋಟ ಹಿಡಿದು ಕೈಯನ್ನು ಗಡಗಡ ನಡುಗಿಸಿದೆ. ಯಾರೂ ನಗಲಿಲ್ಲ. ಮಾವ ಮಾತ್ರ ದೋಸೆ ಸೀದ ವಾಸನೆ ಬಡಿದವರಂತೆ ಮುಖ ಕಿವುಚಿದರು.

“ಪೂರಾ ತಪ್ಪು! ನಿನ್ನ ಇಲಿಗಾದ್ರೂ ಇದಕ್ಕಿಂತ ಚಂದ ಬರ್ತದೋ ಏನೋ. ಇಲ್ಲಿ ನೋಡು.”

ಜೇಬಿನಿಂದ ಕೈ ಹೊರಬಂತು. ತೊಡೆಯ ಮೇಲೆ ಕೂತು, ಹೆಬ್ಬೆರಳಿಂದ ತೋರುಬೆರಳನ್ನು ಉಜ್ಜುತ್ತ, ಕಾಣದ ಹಿಟ್ಟಿನ ಉಂಡೆ ಕಟ್ಟುವಂತೆ ನಡುಗಿತು.

“ಸುಮ್ಮನೆ ಇದ್ದಾಗ ಇದರ ಕುಣಿತ. ಕೆಲಸ ಕೊಟ್ರೆ ಸ್ವಲ್ಪ ಹೊತ್ತು ಗಪ್‌ಚುಪ್. ಹೋಟ್ಲಿನ ಕೈ ಅಲ್ವಾ, ಖಾಲಿ ಕೂತ್ರೆ ಆಗುದಿಲ್ಲ ಅದಕ್ಕೆ.”

ಮೊದಲು ಅತ್ತೆ ನಕ್ಕರು, ಆಮೇಲೆ ಎಲ್ಲರೂ. ನನಗೆ ಕೊಳವೆಯೊಳಗಿನ ಇಲಿ ನೆನಪಾಯಿತು. ಸೋತ ಕೈಯನ್ನು ಅದು ಅಡಗಿಸುವುದಿಲ್ಲ. ಅದಕ್ಕೆ ಜೇಬಿಲ್ಲ, ಭಾನುವಾರದ ನೆಂಟರೂ ಇಲ್ಲ. ನರಕೋಶ ಕೊಲ್ಲುವ ವಿಷ ನಮ್ಮ ಪ್ರಯೋಗಾಲಯದ ಫ್ರಿಜ್ಜಿನಲ್ಲಿದೆ, ನಾಚಿಕೆ ಹುಟ್ಟಿಸುವ ವಿಷ ಅಲ್ಲಿಲ್ಲ. ಅದನ್ನು ನಾನೇ ವಾರವಾರವೂ ಈ ಮನೆಗೆ ತರುತ್ತಿದ್ದೆ, ಮರ್ಯಾದೆ ಎಂಬ ಚೀಟಿ ಅಂಟಿಸಿ.

ಮಾವ ಲೋಟ ಎತ್ತಿದರು. ಹೇಳಿದ ಹಾಗೆಯೇ ಕೈ ಕ್ಷಣಕಾಲ ಸುಮ್ಮನಿತ್ತು. ತುಟಿಯ ಹತ್ತಿರ ಮತ್ತೆ ಶುರುವಾಯಿತು. ಹೆಚ್ಚಿನದು ಬಾಯಿಗೆ, ಸ್ವಲ್ಪ ಅಂಗಿಗೆ.

“ತಣ್ಣಗಾಗಿದೆ, ಬಿಸಿ ತಾ,” ಎಂದರು ಅತ್ತೆಗೆ. ನನಗೆ, “ನೀನು ಸರಿ ಕಲಿತು ಬಾ.”

ಅಂದು ಆ ಲೋಟ ಎರಡು ಸಲ ಸಿಂಕಿಗೆ ಹೋಯಿತು. ಎರಡೂ ಸಲ ಖಾಲಿಯಾಗಿ.