ಯಾರೂ ಮುಟ್ಟಿಲ್ಲ ಎಂದಿದ್ದೆ

ಶಶಿ, ಆ ದಿನ ನೀನು ಒರೆಸಿದ್ದು ಸೋಪಿನ ನೀರಲ್ಲ. ನಾನು ಸುಳ್ಳು ಹೇಳಿದೆ — ನಿನಗೂ, ಮರುದಿನ ಲ್ಯಾಬಿನ ಸರ್‌ಗೂ.

ಮಣಿಪಾಲದ ಆ ಪ್ರಯೋಗಾಲಯದಲ್ಲಿ ನನ್ನ ಕೆಲಸ ಎಂತದ್ದೆಂದು ನಿನಗೆ ಹೇಳಿರಲೇ ಇಲ್ಲ. ಏಳನೇ ತರಗತಿಯವರೆಗೆ ಓದಿದ ನನಗೆ ಸರ್ ಕಲಿಸಿದ್ದು ಇಷ್ಟು: ವಿಕಿರಣ ಬೆರೆತ, ಎಣ್ಣೆಯಂಥ ಹಳೆಯ ದ್ರಾವಣವನ್ನು ಐಸಿನ ಮೇಲಿಟ್ಟು, ಕಬ್ಬಿಣದ ಉಪ್ಪು ಹಾಕಿ, ಪೆರಾಕ್ಸೈಡನ್ನು ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಕುದಿದು ಉಕ್ಕುತ್ತದೆ.

“ಎಣ್ಣೆ ಒಡೆದು ಹೋಗ್ತದೆ. ವಿಕಿರಣ ಹೋಗುವುದಿಲ್ಲ, ಅದು ಆ ನೀರಿನಲ್ಲೇ ಉಂಟು. ನೆನಪಿರಲಿ,” ಎಂದಿದ್ದರು.

ನೆನಪಿತ್ತು. ಆದರೆ ಕಾರ್ಕಳದ ಬಸ್ಸಿಗೆ ಹೊತ್ತಾಗಿತ್ತು. ಹನಿ ಬಿಡುವ ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟೆ. ಕಂದು ನೊರೆ ಮೇಜಿನಿಂದ ನೆಲಕ್ಕಿಳಿಯಿತು. ಅದೇ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿ ನಿನಗಿನ್ನೂ ಮೂರು ವಾರ.

“ಎಂತ ಅಕ್ಕ, ಪಾಯಸ ಉಕ್ಕಿಸಿದ್ದಾ? ನಿನ್ನನ್ನು ಅಡಿಗೆಗೆ ಬಿಡುವುದೇ ಅಲ್ಲ.”

“ಸೋಪಿನ ನೀರು ಮಾರಾಯ್ತಿ. ಬೇಗ ಒರೆಸು, ಬಸ್ ಹೋಗ್ತದೆ.”

ನೀನು ಬರಿಗೈಯಲ್ಲಿ ಬಟ್ಟೆ ಹಿಂಡಿದೆ. ನಾನು ಗ್ಲೌಸ್ ಹಾಕಿಕೊಂಡೇ ನೋಡುತ್ತಿದ್ದೆ.

ಬಸ್ಸಿನಲ್ಲಿ, ಕುಕ್ಕುಂದೂರು ಬರುವ ಮೊದಲು, ಅದೇ ಕೈಯಿಂದ ನೀನು ನನ್ನ ಕೈ ಹಿಡಿದು ಹೇಳಿದೆ: “ಮುಟ್ಟು ನಿಂತು ಎರಡು ತಿಂಗಳಾಯ್ತು ಅಕ್ಕ. ಅಮ್ಮನಿಗೆ ಈಗಲೇ ಹೇಳಬೇಡ.”

ಆಗಲಾದರೂ —

ಮರುದಿನ ಸರ್ ನೆಲವನ್ನು ಕಾಗದದಿಂದ ಉಜ್ಜಿ, ಅದನ್ನು ವಿಕಿರಣ ಅಳೆಯುವ ಯಂತ್ರಕ್ಕಿಟ್ಟರು. ಅವರ ಮುಖ ಬದಲಾಯಿತು.

“ಯಾರಾದರೂ ಮುಟ್ಟಿದ್ದಾರಾ? ಮೂತ್ರ ಪರೀಕ್ಷೆ ಮಾಡುವ. ಈಗಾದರೆ ಗೊತ್ತಾಗ್ತದೆ, ತಡವಾದರೆ ಇಲ್ಲ.”

“ಯಾರೂ ಮುಟ್ಟಿಲ್ಲ ಸರ್. ನಾನೇ ಗ್ಲೌಸ್ ಹಾಕಿ ಒರೆಸಿದೆ.”

ಕೆಲಸ ಉಳಿಯಿತು. ನಿನಗೆ ಎಷ್ಟು ತಾಗಿತ್ತು, ತಾಗಿತ್ತೋ ಇಲ್ಲವೋ — ತಿಳಿಯುವ ದಾರಿ ಮುಚ್ಚಿತು. ಮುಚ್ಚಿದವಳು ನಾನು.

ನಿನ್ನ ಮಗಳಿಗೀಗ ಆರು ವರ್ಷ. ನೀನೀಗಿರುವ ಕಾಪುವಿನಲ್ಲಿ, ದೀಪಸ್ತಂಭದ ಕೆಳಗೆ ಅವಳು ಓಡುವಾಗ ನಾನು ಅವಳ ಉಸಿರನ್ನೇ ಗಮನಿಸುತ್ತೇನೆ. ಕಳೆದ ತಿಂಗಳು ಅವಳ ಮೂಗಿನಲ್ಲಿ ರಕ್ತ ಬಂದಾಗ ನೀನು “ಬಿಸಿಲಿಗೆ ಅಕ್ಕ” ಎಂದೆ. ಬಿಸಿಲೇ ಇರಬಹುದು. ಚೆಲ್ಲಿದ್ದು ಸ್ವಲ್ಪವೇ. ಆದರೆ ಅವಳಿಗೆ ಜ್ವರ ಬಂದಾಗಲೆಲ್ಲ ಆ ನೊರೆ ನನ್ನ ಕಣ್ಣ ಮುಂದೆ ಬರುತ್ತದೆ.

ಭಾನುವಾರ ಕಾಪುವಿಗೆ ಬಂದು ಈ ಪತ್ರವನ್ನು ನಿನ್ನೆದುರು ನಾನೇ ಓದುತ್ತೇನೆ. ಸೋಮವಾರ ಸರ್‌ಗೆ ಹೇಳುತ್ತೇನೆ. ಅವಳನ್ನು ಯಾವ ಡಾಕ್ಟರಿಗೆ ತೋರಿಸಬೇಕೆಂದು ಕೇಳುತ್ತೇನೆ. ಬಾಗಿಲಲ್ಲಿ ನನ್ನನ್ನು ಕಂಡು ನೀನು ಎಂದಿನಂತೆ ಕೈ ಹಿಡಿಯಲು ಬರುತ್ತೀ —

ಬೇಡ, ಶಶಿ. ಮೊದಲು ಕೇಳು.