ಮೊದಲ ತಣಿಗೆ

ತೆರಕಣಾಂಬಿಯ ಚಿಕ್ಕನಿಂಗಮ್ಮನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಹರವೆಯಿಂದ ಸೊಸೆಯಾಗಿ ಬಂದ ಶಾಂತಿ ಮೊದಮೊದಲು ನಡುಗಿಹೋಗಿದ್ದಳು. ಈಗ ಅದೇ ಅತ್ತೆಯ ಋಣ ತೀರಿಸಲಾರೆ ಎನ್ನುತ್ತಾಳೆ.

ಆ ಮನೆಯಲ್ಲಿ ಮೊದಲು ಮಾವ ಮಾದಣ್ಣ, ಗಂಡ ರಂಗರಾಜು ಉಣ್ಣಬೇಕು, ಆಮೇಲೆ ಅತ್ತೆ. ಸೊಸೆಯ ಸರದಿ ಬರುವಾಗ ಸಾರಿನಲ್ಲಿ ಕಾಳು ಹುಡುಕಿದರೂ ಸಿಗುತ್ತಿರಲಿಲ್ಲ. ಬಸುರಾದಾಗಂತೂ, ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಚಿಕ್ಕನಿಂಗಮ್ಮನೇ ಊಟಕ್ಕೆ ಕತ್ತರಿ ಹಾಕಿದ್ದಳು. ಹಾಗೆ ಹುಟ್ಟಿದ ಪುಟ್ಟಿ ಮೂರು ವರ್ಷವಾದರೂ ಓರಗೆಯ ಮಕ್ಕಳ ಭುಜದ ಮಟ್ಟಕ್ಕಿದ್ದಳು. “ನಮ್ಮನೆಯವ್ರ ಕಡೆಯೋರೆಲ್ಲ ಕುಳ್ರೇ ಕಣವ್ವ” ಎಂದು ಅಜ್ಜಿ ತಪ್ಪನ್ನು ಮಾದಣ್ಣನ ವಂಶದ ತಲೆಗೆ ಕಟ್ಟಿದ್ದಳು.

೨೦೦೬ರಲ್ಲಿ ಶಾಂತಿ ಮತ್ತೆ ಬಸುರಿ. ಮಹಿಳಾ ಸಂಘದ ಸಭೆಗೆ ಬಂದಿದ್ದ ನರ್ಸಮ್ಮ ಪುಟ್ಟಿಯನ್ನು ನೋಡಿ, ಬಸುರಿನಲ್ಲಿ ತಾಯಿ ಅರೆಹೊಟ್ಟೆ ಉಂಡರೆ ಮಗುವಿನ ಬೆಳವಣಿಗೆ ಹೊಟ್ಟೆಯಲ್ಲೇ ಕುಂಠಿತವಾಗುತ್ತದೆ, ಆಮೇಲೆ ಸರಿಮಾಡುವುದು ಕಷ್ಟ ಎಂದರು. ಜೊತೆಗೆ ಬಂದಿದ್ದ ಚಿಕ್ಕನಿಂಗಮ್ಮ ಮನೆ ಸೇರುವವರೆಗೂ ಪುಟ್ಟಿಯನ್ನು ಕಂಕುಳಿಂದ ಇಳಿಸಲಿಲ್ಲ.

ಆ ಸಂಜೆ ಗಂಡಸರು ಕೈಕಾಲು ತೊಳೆದು ಕೂತರು. ಚಿಕ್ಕನಿಂಗಮ್ಮ ಮುದ್ದೆ, ಕಾಳು, ಒಂದು ಮೊಟ್ಟೆ ಇಟ್ಟು ಮೊದಲ ತಣಿಗೆಯನ್ನು ಶಾಂತಿಯ ಮುಂದೆ ಸರಿಸಿದಳು.

“ಗಂಡುಸ್ರು ಕಾಯ್ಕಂಡ್ ಕುಂತಿರುವಾಗ ಸೊಸೆ ಉಣ್ಣದಾ?” ಮಾದಣ್ಣ ಗುಡುಗಿದ.

“ಊಂ, ಉಣ್ತಾಳೆ. ಒಂದ್ ಕೂಸ್ನ ನಾನೇ ಕುಳ್ಳಿ ಮಾಡ್ಬುಟ್ಟೆ. ಇನ್ನೊಂದ್ನೂ ಮಾಡ್ಲಾ?”

ಮಾದಣ್ಣ ಟವೆಲ್ ಕೊಡವಿ ಹೊರಗೆ ಹೋದ. ಶಾಂತಿ ಮುದ್ದೆ ಮುಟ್ಟದೆ ಬಾಗಿಲ ಕಡೆ ನೋಡಿದಳು. ರಂಗರಾಜು ನೀರಿನ ಚೊಂಬನ್ನು ಅವಳತ್ತ ತಳ್ಳಿದ.

“ಉಣ್ಣು ಕಣಮ್ಮಿ,” ಎಂದಳು ಅತ್ತೆ. “ಹಸಿದ್ರೆ ಅವ್ರೇ ಬತ್ತಾರೆ.”

ಬಂದ. ಗೊಣಗುತ್ತಲೇ ಉಂಡ. ತಿಂಗಳು ಕಳೆಯುವಷ್ಟರಲ್ಲಿ “ಶಾಂತಿ ಉಂಡ್ಳಾ?” ಎಂದು ಕೇಳಿಯೇ ಕೂರತೊಡಗಿದ. ಬಾಯಿ ಜೋರಿನ ಅತ್ತೆ ನಮ್ಮ ಪಕ್ಷದಲ್ಲಿದ್ದರೆ ಎಷ್ಟು ಲಾಭವೆಂದು ಶಾಂತಿಗೆ ಆಗ ತಿಳಿಯಿತು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಎರಡನೆಯವಳು ಕೆನ್ನೆ ತುಂಬಿಕೊಂಡು ಹುಟ್ಟಿದಳು, ಹೆರಿಗೆಯೂ ಸಲೀಸಾಯಿತು. ಅವಳು ಓರಗೆಯವರ ಸಮಕ್ಕೆ ಬೆಳೆದಳು. ಪುಟ್ಟಿ ಗಿಡ್ಡವಾಗಿಯೇ ಉಳಿದಳು. ಮೊಟ್ಟೆ ಬೆಂದಾಗಲೆಲ್ಲ ಅಜ್ಜಿ ಅವಳನ್ನೇ ಮೊದಲು ಕರೆಯುತ್ತಾಳೆ.

ಎರಡನೆಯವಳ ಬಾಣಂತನ ಮುಗಿಸಿ ಮತ್ತೆ ಒಲೆ ಹಿಡಿದ ದಿನ ಶಾಂತಿ ಅತ್ತೆಯ ರಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಕೂರಿಸಿದಳು. “ನಂಗ್ಯಾಕಮ್ಮಿ, ಬುಡು” ಅಂದರೂ ಕೇಳಲಿಲ್ಲ. ಆ ಮನೆಯವರಿಗೆಲ್ಲ ನಲವತ್ತು ವರ್ಷ ಮುದ್ದೆ ಕಟ್ಟಿದ್ದ ಚಿಕ್ಕನಿಂಗಮ್ಮ, ಹೊಗೆಯಾಡುವ ಮುದ್ದೆ ಮುರಿದು, ಸಾರಲ್ಲಿ ಅದ್ದಿ ನುಂಗಿ, ಸೊಸೆಯ ಮುಖ ನೋಡಿದಳು.

“ಬಿಸಿ ಮುದ್ದೆ ಇಂಗಿರ್ತದಾ, ಶಾಂತಿ?”